ಕೊಡದಿದ್ದರೆ ಅಡ್ಡಿಲ್ಲ, ದಾರಿ ಹೇಳಿ

(ಕಾರವಾರದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು, ಆರೋಗ್ಯ ಇಲಾಖೆಯ ಸಿಬ್ಬಂದಿ ಮತ್ತು ಕಾನ್ವೆಂಟ್ ಆಸ್ಪತ್ರೆಗಳ ಸಿಸ್ಟರುಗಳು, ಅಂದರೆ ಸನ್ಯಾಸಿನಿಯರು, ಸೇರಿದ್ದ ಸಭೆಯಲ್ಲಿ ನಿವೃತ್ತ ಆಪ್ತಸಮಾಲೋಚಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಕಾಳಿ ಸೇತುವೆಯ ಆಚೆಯಿಂದ ಮಾತು ಶುರು ಮಾಡುತ್ತೇನೆ. ಮಾಜಾಳಿ ಗಡಿ ದಾಟಿ ಬಸ್ಸಿನಲ್ಲಿ ಮೂರು ತಾಸು ಹೋದರೆ ಗೋವಾದ ಮಾಪ್ಸಾ ಸಿಗುತ್ತದೆ. 1989ರ ಫೆಬ್ರುವರಿ 14ರಂದು ಅಲ್ಲಿಯ ಪೊಲೀಸರು ಡೊಮಿನಿಕ್ ಡಿಸೋಜಾ ಎಂಬ ಯುವಕನನ್ನು ಠಾಣೆಗೆ ಕರೆಸಿದರು. ಕ್ಯಾಥೊಲಿಕ್ ಮನೆಯ ಹುಡುಗ, ಪದೇಪದೇ ರಕ್ತದಾನ ಮಾಡುತ್ತಿದ್ದವ. ಆ ರಕ್ತದಲ್ಲೇ ಎಚ್‌ಐವಿ ಇರುವುದು ಸರ್ಕಾರಕ್ಕೆ ಗೊತ್ತಾಗಿತ್ತು, ಅವನಿಗೆ ಗೊತ್ತಿರಲಿಲ್ಲ. ಬಳಕೆ ಬಿಟ್ಟಿದ್ದ ಒಂದು ಕ್ಷಯರೋಗದ ಆಸ್ಪತ್ರೆಯಲ್ಲಿ, ಪೊಲೀಸ್ ಕಾವಲಿನಲ್ಲಿ, ಅವನನ್ನು 64 ದಿನ ಕೂಡಿಹಾಕಿದರು. ಹಾಗೆ ಕೂಡಿಹಾಕಲು ಗೋವಾದ ಸಾರ್ವಜನಿಕ ಆರೋಗ್ಯ ಕಾಯ್ದೆಯಲ್ಲೇ ಅವಕಾಶವಿತ್ತು. ಅವನ ತಾಯಿ ಲೂಸಿ ಡಿಸೋಜಾ ಬಾಂಬೆ ಹೈಕೋರ್ಟಿಗೆ ಹೋದರು. ಮಗ ಹೊರಗೆ ಬಂದ. ಆದರೆ ಕೊನೆಯ ತೀರ್ಪಿನಲ್ಲಿ ನ್ಯಾಯಾಲಯ ಆ ಕಾಯ್ದೆಯನ್ನು ಎತ್ತಿಹಿಡಿಯಿತು, ಸಮಾಜದ ಹಿತದ ಮುಂದೆ ಒಬ್ಬನ ಹಕ್ಕು ಬಾಗಬೇಕು ಎಂದಿತು. 1992ರಲ್ಲಿ ಡೊಮಿನಿಕ್ ತೀರಿಕೊಂಡ. ಅಷ್ಟರೊಳಗೆ ತನ್ನಂಥವರಿಗಾಗಿ ಒಂದು ಸಂಘಟನೆಯನ್ನೂ ಕಟ್ಟಿದ್ದ.

ಇದನ್ನೇ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಎಚ್‌ಐವಿ ವಿಷಯದಲ್ಲಿ ಕ್ಯಾಥೊಲಿಕ್ ಸಂಸ್ಥೆಗಳು ಮತ್ತು ಸರ್ಕಾರ ಅಂದ ಕೂಡಲೇ ನಮ್ಮ ತಲೆಯಲ್ಲಿ ಒಂದು ಚಿತ್ರ ತಯಾರಾಗಿ ಕೂತಿರುತ್ತದೆ. ಸರ್ಕಾರ ಅಂದರೆ ವಿಜ್ಞಾನ, ಇಗರ್ಜಿ, ಅಂದರೆ ಚರ್ಚು, ಬೇಡ ಬೇಡ ಎನ್ನುವುದು. ನಾನೂ 2003ರಲ್ಲಿ ಈ ಕೆಲಸಕ್ಕೆ ಸೇರಿದಾಗ ಹಾಗೇ ಅಂದುಕೊಂಡಿದ್ದೆ. ಅಂಕೋಲೆಯ ಹಿಂದೂ ಮನೆಯವಳು ನಾನು. ಸಿಸ್ಟರುಗಳನ್ನು ಕಂಡದ್ದು ಶಾಲೆಯಲ್ಲಿ ಮಾತ್ರ. ಹದಿನಾರು ವರ್ಷ ಈ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಗುತ್ತಿಗೆ ನೌಕರಿಯಲ್ಲಿ ಕೂತು ಪರೀಕ್ಷೆಗೆ ಬಂದವರ ಜೊತೆ ಮಾತಾಡಿದೆ. ಆ ಚಿತ್ರ ಬೇಗನೆ ಚೂರಾಯಿತು. ಬೀಗ ಹಾಕಿದ್ದೂ ಸರ್ಕಾರವೇ, ಮುಂದೆ ಮಾತ್ರೆ ಕೊಟ್ಟಿದ್ದೂ ಸರ್ಕಾರವೇ. ನಿರೋಧ್ ಕಾಂಡೋಮ್ ಮುಟ್ಟುವುದಿಲ್ಲ ಅಂದವರೂ ಸಿಸ್ಟರುಗಳೇ, ಯಾರೂ ಮುಟ್ಟದ ಮೈಯನ್ನು ತೊಳೆದವರೂ ಸಿಸ್ಟರುಗಳೇ.

ಮಾತ್ರೆ ಬರುವ ಮುಂಚಿನ ಕಾಲ ಇಲ್ಲಿ ಕೂತ ವಿದ್ಯಾರ್ಥಿಗಳಿಗೆ ಗೊತ್ತಿಲ್ಲ, ಅದನ್ನು ಸ್ವಲ್ಪ ಹೇಳಬೇಕು. ಭಾರತದಲ್ಲಿ ಮೊದಲು ಎಚ್‌ಐವಿ ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ನಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಹುಟ್ಟಿದ್ದು 1992ರಲ್ಲಿ. ಮೂರು ಔಷಧಿ ಒಟ್ಟಿಗೆ ಕೊಟ್ಟರೆ ರೋಗಿ ಬದುಕುತ್ತಾನೆ ಎಂದು 1996ರ ಹೊತ್ತಿಗೆ ಜಗತ್ತಿಗೆ ಗೊತ್ತಾಗಿತ್ತು, ಆದರೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. 2001ರಲ್ಲಿ ನಮ್ಮ ಸಿಪ್ಲಾ ಕಂಪನಿ ಬಡದೇಶಗಳಲ್ಲಿ ಕೆಲಸ ಮಾಡುವ ವೈದ್ಯರ ಸಂಸ್ಥೆಗೆ ಅದನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆ ಎಂದಿತು. ಬೈತಕೋಲ ಬಂದರಿನಲ್ಲಿ ಬಲೆ ಎಳೆಯುವವನಿಗೆ ಅದೂ ಆಗದ ಮಾತು. ಹಾಗಾಗಿ ರೋಗ ಇದೆ ಎಂದು ತಿಳಿದ ಮೇಲೆ ಕೊಡಲಿಕ್ಕೆ ನಮ್ಮ ಬಳಿ ಏನೂ ಇರಲಿಲ್ಲ. ಬೇದಿ, ಬಾಯಲ್ಲಿ ಬಿಳಿ ಹುಣ್ಣು, ಟಿ.ಬಿ., ಒಂದು ಹಾಸಿಗೆ, ಒಂದು ಲೋಟ ಗಂಜಿ. ಅಷ್ಟೇ. ಆ ಹಾಸಿಗೆಯೂ ಎಲ್ಲ ಕಡೆ ಸಿಗುತ್ತಿರಲಿಲ್ಲ.

ಆ ಹಾಸಿಗೆ ಹಾಕಲು ಕ್ಯಾಥೊಲಿಕ್ ಸಂಸ್ಥೆಗಳು ಹೊಸದಾಗಿ ಕಲಿಯಬೇಕಾದ್ದು ಕಡಿಮೆ ಇತ್ತು, ಕುಷ್ಠರೋಗ ಅವರಿಗೆ ಮೊದಲೇ ಕಲಿಸಿತ್ತು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಹಂಚುತ್ತ ಶುರು ಮಾಡಿದರು, ಹತ್ತು ವರ್ಷದೊಳಗೆ ಕುಷ್ಠರೋಗಿಗಳಿಗೆ ಅಲ್ಲೇ ಆಸರೆ ಕಟ್ಟಿದರು. ದೇಶದ ಕ್ಯಾಥೊಲಿಕ್ ಆಸ್ಪತ್ರೆಗಳ ಒಕ್ಕೂಟ 1943ರಲ್ಲಿ ಗುಂಟೂರಿನಲ್ಲಿ ಹುಟ್ಟಿತು. ಅದನ್ನು ಕಟ್ಟಿದವರು ಮೇರಿ ಗ್ಲೌರಿ, ಆಸ್ಟ್ರೇಲಿಯಾದಿಂದ ಬಂದ ವೈದ್ಯೆ, ಸನ್ಯಾಸಿನಿ. ಅಮೆರಿಕದಲ್ಲಿ ಏಡ್ಸ್ ಅಂದರೆ ಜನ ಓಡುತ್ತಿದ್ದ 1985ರ ಕ್ರಿಸ್‌ಮಸ್ ಹೊತ್ತಿಗೆ ಮದರ್ ತೆರೇಸಾ ನ್ಯೂಯಾರ್ಕಿನಲ್ಲಿ ಏಡ್ಸ್ ರೋಗಿಗಳಿಗೆಂದೇ ಒಂದು ಮನೆ ತೆರೆದರು. ನಮ್ಮ ರಾಜ್ಯದಲ್ಲಿ ಸೇಂಟ್ ಕ್ಯಾಮಿಲಸ್ ಪಂಥದ ಪಾದ್ರಿಗಳು 1997ರಲ್ಲಿ ಬೆಂಗಳೂರಿನಲ್ಲಿ ಸ್ನೇಹದಾನ್ ಎಂಬ ಆರೈಕೆ ಮನೆ ಶುರು ಮಾಡಿದರು, ಆಮೇಲೆ ಮಂಗಳೂರು ಕಡೆ ಸ್ನೇಹಸದನ್. ಕಾರವಾರದ ಧರ್ಮಪ್ರಾಂತ್ಯ ಇವುಗಳ ಮುಂದೆ ಚಿಕ್ಕದು, ಬೆಳಗಾವಿಯಿಂದ ಬೇರೆಯಾದದ್ದೇ 1976ರಲ್ಲಿ. ಆದರೆ ಕರಾವಳಿಯ ಪೇಟೆಗಳಿಂದ ಹಿಡಿದು ಹಳಿಯಾಳ, ಮುಂಡಗೋಡದ ಸಿದ್ದಿಗಳ ಹಾಡಿಗಳ ತನಕ ಅದರ ಸಿಸ್ಟರುಗಳು ನಡೆದು ಹೋಗುತ್ತಿದ್ದರು. ಆಗ ಆ ಹಾಡಿಗಳಿಗೆ ನಮ್ಮ ಇಲಾಖೆಯ ಜೀಪು ಹೋಗುತ್ತಿದ್ದುದು ಪೋಲಿಯೋ ಭಾನುವಾರಕ್ಕೆ ಮಾತ್ರ.

2004ರ ಏಪ್ರಿಲ್ 1ರಂದು ಸರ್ಕಾರ ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಮಾತ್ರೆಯನ್ನು ಉಚಿತವಾಗಿ ಕೊಡಲು ಶುರು ಮಾಡಿತು. ಕರ್ನಾಟಕದಲ್ಲಿ ಮೊದಲು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. ಸಿಸ್ಟರುಗಳು ಕೂತಿದ್ದೀರಿ, ಬೇಸರ ಮಾಡಿಕೊಳ್ಳಬೇಡಿ: ಈ ಒಂದು ಕೆಲಸ ಯಾವ ಕಾನ್ವೆಂಟಿನಿಂದಲೂ ಆಗುತ್ತಿರಲಿಲ್ಲ. ಕರುಣೆಯಿಂದ ಒಬ್ಬನ ಸಾವನ್ನು ಹಗುರ ಮಾಡಬಹುದು. ಲಕ್ಷಾಂತರ ಜನರನ್ನು ಬದುಕಿಸಲು ತೆರಿಗೆಯ ದುಡ್ಡು, ಗೋದಾಮು, ಲಾರಿ, ಟೆಂಡರು ಬೇಕು. 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಸೋಂಕಿತರಿದ್ದಾರೆ, ನಮ್ಮ ರಾಜ್ಯದಲ್ಲಿ ಎರಡೂವರೆ ಲಕ್ಷದ ಮೇಲೆ. ಇವರಲ್ಲಿ ಬಹುಪಾಲು ಜನ ಇವತ್ತು ಉಸಿರಾಡುತ್ತಿರುವುದು ಆ ಸರ್ಕಾರಿ ಮಾತ್ರೆಯಿಂದ.

ಆದರೆ ಮಾತ್ರೆ ಇರುವುದು ಕೇಂದ್ರದಲ್ಲಿ, ರೋಗಿ ಇರುವುದು ಮನೆಯಲ್ಲಿ. ಆರಂಭದ ವರ್ಷಗಳಲ್ಲಿ ನಮ್ಮವರು ಹುಬ್ಬಳ್ಳಿಯ ಕಿಮ್ಸಿಗೋ ಮಂಗಳೂರಿನ ವೆನ್ಲಾಕಿಗೋ ಹೋಗಬೇಕಿತ್ತು. ಬೇದಿ ಹಿಡಿದ ಮನುಷ್ಯ ಬೆಳಗಿನ ಬಸ್ಸು ಹತ್ತಿ ಅರಬೈಲ ಘಾಟಿ ಏರಿ ಹುಬ್ಬಳ್ಳಿ ಮುಟ್ಟುವುದು ಎಂದರೆ ಏನು, ಒಮ್ಮೆ ಯೋಚಿಸಿ. ಅದು ಬೇಲೇಕೇರಿ ಬಂದರಿಗೆ ಕಬ್ಬಿಣದ ಅದಿರು ಹೋಗುತ್ತಿದ್ದ ಕಾಲ. ಘಾಟಿಯಲ್ಲಿ ಲಾರಿಗಳ ಸಾಲು ನಿಂತರೆ ಅರ್ಧ ದಿನ ಕದಲುತ್ತಿರಲಿಲ್ಲ. ಲಾರಿ ಕಿಟಕಿಯಲ್ಲಿ ಕೂತ ಹುಡುಗರಿಗೆ ನಮ್ಮ ಕಾರ್ಯಕರ್ತರು ಕರಪತ್ರ ಹಂಚುತ್ತಿದ್ದರು, ಅದೇ ಸಾಲಿನಲ್ಲಿ ಸಿಕ್ಕಿಬಿದ್ದ ಬಸ್ಸಿನೊಳಗೆ ನಮ್ಮ ರೋಗಿ ಹೊಟ್ಟೆ ಹಿಡಿದು ಕೂತಿರುತ್ತಿದ್ದ.

ಈ ಅಂತರ ತುಂಬಲು ಸಮುದಾಯ ಆರೈಕೆ ಕೇಂದ್ರಗಳು ಬಂದವು. 2007ರಲ್ಲಿ ಶುರುವಾದ ಏಡ್ಸ್ ನಿಯಂತ್ರಣದ ಮೂರನೇ ಹಂತದಲ್ಲಿ ಅವು ಹೆಚ್ಚಾದವು. ಹತ್ತು ಹಾಸಿಗೆಯ ಸಣ್ಣ ಆಸ್ಪತ್ರೆ, ದುಡ್ಡು ಸರ್ಕಾರದ್ದು ಅಥವಾ ಗ್ಲೋಬಲ್ ಫಂಡ್ ಎಂಬ ಅಂತರರಾಷ್ಟ್ರೀಯ ನಿಧಿಯದ್ದು, ನಡೆಸುವವರು ಸ್ವಯಂಸೇವಾ ಸಂಸ್ಥೆಗಳು. ದೇಶದಲ್ಲಿ ಅಂಥ ಎಷ್ಟೋ ಕೇಂದ್ರಗಳನ್ನು ಕ್ಯಾಥೊಲಿಕ್ ಸಂಸ್ಥೆಗಳು ನಡೆಸಿದವು. ಮಾತ್ರೆ ಶುರು ಮಾಡುವವರು ಮೊದಲ ಐದು ದಿನ ಅಲ್ಲಿ ಇದ್ದು ಕಲಿಯಬೇಕು. ಕಲಿಯುವುದು ಏನಿದೆ ಅನ್ನಬೇಡಿ. ಆಗಿನ ನೆವಿರಪಿನ್ ಮಾತ್ರೆ ಮೊದಲ ಹದಿನಾಲ್ಕು ದಿನ ದಿನಕ್ಕೆ ಒಂದು, ಆಮೇಲೆ ಎರಡು. ಮೈಮೇಲೆ ದದ್ದು ಬಂದರೆ ಅದು ಸೆಕೆಯ ಬೆವರುಸಾಲೆಯೋ ಔಷಧಿಯ ವಿಷವೋ ಎಂದು ಗುರುತಿಸಬೇಕು. ತಪ್ಪಿದರೆ ಜೀವಕ್ಕೇ ಕುತ್ತು. ಸ್ಟಾವುಡಿನ್ ತಿಂದವರಿಗೆ ಕಾಲು ಜೋಮು, ಉರಿ. ಜಿಡೋವುಡಿನ್ ತಿಂದವರಿಗೆ ರಕ್ತ ಇಳಿಯುವುದು. ಅಂಥ ಒಂದು ಕೇಂದ್ರದಲ್ಲಿ ಒಬ್ಬ ಸಿಸ್ಟರ್ ಇದ್ದರು. ದಿನಾ ಬೆಳಿಗ್ಗೆ ಪ್ರತಿ ರೋಗಿಯ ರೆಪ್ಪೆ ಕೆಳಗೆ ಎಳೆದು ನೋಡುವರು, ಅಂಗೈ ತಿರುಗಿಸಿ ನೋಡುವರು. ಅವರು ಹೊತ್ತಿಗೆ ಸರಿಯಾಗಿ ಫೋನ್ ಮಾಡಿದ್ದಕ್ಕೆ ಹೊನ್ನಾವರದ ಒಬ್ಬ ಹೆಂಗಸು ಬದುಕಿದ್ದಾಳೆ. ನಮ್ಮ ರಿಜಿಸ್ಟರಿನಲ್ಲಿ ಆ ರೆಪ್ಪೆ ನೋಡುವುದಕ್ಕೆ ಕಾಲಂ ಇರಲಿಲ್ಲ.

ಈಗ ನೀವೆಲ್ಲ ಕಾಯುತ್ತಿರುವ ವಿಷಯಕ್ಕೆ ಬರುತ್ತೇನೆ, ನಿರೋಧ್.

1968ನೇ ಇಸವಿಯನ್ನು ನೆನಪಿಡಿ. ಆ ವರ್ಷದ ಜುಲೈಯಲ್ಲಿ ಆರನೇ ಪೌಲ್ ಪೋಪ್ ಕೃತಕ ಸಂತಾನ ನಿಯಂತ್ರಣ ಸಲ್ಲದು ಎಂಬ ಪತ್ರ ಹೊರಡಿಸಿದರು. ಅದೇ ವರ್ಷ ಭಾರತ ಸರ್ಕಾರ ನಿರೋಧ್ ಹೆಸರಿನಲ್ಲಿ ಅಗ್ಗದ ಕಾಂಡೋಮ್ ಮಾರಾಟಕ್ಕೆ ಬಿಟ್ಟಿತು. ಬ್ರೂಕ್ ಬಾಂಡ್, ಲಿಪ್ಟನ್, ಹಿಂದೂಸ್ತಾನ್ ಲಿವರ್ ಕಂಪನಿಗಳು ಚಹಾಪುಡಿ, ಸೋಪಿನ ಜೊತೆ ಅದನ್ನೂ ಹಳ್ಳಿಯ ಅಂಗಡಿಗೆ ಮುಟ್ಟಿಸಿದವು. ಒಂದೇ ವರ್ಷ ಎರಡು ದಾರಿಗಳು ಎರಡು ದಿಕ್ಕಿಗೆ ಹೊರಟವು. ಎಚ್‌ಐವಿ ಬರುವ ಹೊತ್ತಿಗೆ ಎರಡೂ ಕಡೆಯವರು ಬಹಳ ದೂರ ಹೋಗಿಬಿಟ್ಟಿದ್ದರು.

2005ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್ಪರ ಸಮ್ಮೇಳನ ಎಚ್‌ಐವಿ ಬಗ್ಗೆ ತನ್ನದೇ ನೀತಿ ಹೊರತಂದಿತು. ಸೋಂಕಿತರ ಬಗ್ಗೆ ಭೇದ ಕೂಡದು, ಆರೈಕೆ ನಮ್ಮ ಕರ್ತವ್ಯ ಎಂಬ ಒತ್ತು ಅದರಲ್ಲಿತ್ತು. ಸೋಂಕು ತಡೆಯುವ ವಿಷಯಕ್ಕೆ ಬಂದರೆ ಸಂಯಮ ಮತ್ತು ದಾಂಪತ್ಯ ನಿಷ್ಠೆ. ಸರ್ಕಾರದ ಒಪ್ಪಂದಗಳಲ್ಲಿ ಕಿಟ್, ರಿಜಿಸ್ಟರ್, ಭಿತ್ತಿಪತ್ರದ ಜೊತೆ ನಿರೋಧ್ ಪೆಟ್ಟಿಗೆಯೂ ಪಟ್ಟಿಯಲ್ಲಿರುತ್ತಿತ್ತು. ಹಾಗಾದರೆ ಒಂದೇ ಸೂರಿನಡಿ ಇವರಿಬ್ಬರೂ ಹೇಗೆ ಇದ್ದರು? ನಾನು ಕಂಡದ್ದು ಎರಡು ರೀತಿ. ಎರಡನ್ನೂ ಒಂದೊಂದು ಕಥೆಯಾಗಿಯೇ ಹೇಳುತ್ತೇನೆ.

ಒಂದು ಕೇಂದ್ರದ ಸಿಸ್ಟರ್ ಸರ್ಕಾರದ ಅಧಿಕಾರಿ ಬಂದ ಮೊದಲ ದಿನವೇ ಹೇಳಿದರು: "ಈ ಪೆಟ್ಟಿಗೆ ನಾನು ಇಟ್ಟುಕೊಳ್ಳುವುದಿಲ್ಲ, ಬೇಸರ ಬೇಡ. ಆದರೆ ಗಂಡಹೆಂಡತಿಯಲ್ಲಿ ಒಬ್ಬರಿಗೆ ಇದ್ದು ಒಬ್ಬರಿಗೆ ಇಲ್ಲದಿದ್ದರೆ ಆ ಇಬ್ಬರನ್ನೂ ಅದೇ ವಾರ ಸರ್ಕಾರಿ ಕೋಣೆಗೆ ಕಳಿಸುತ್ತೇನೆ, ಚೀಟಿ ಬರೆದು." ಹಾಗೇ ಕಳಿಸಿದರು. ಚೀಟಿಯಲ್ಲಿ "ದಂಪತಿ, ಸಮಾಲೋಚನೆ ಬೇಕು" ಎಂದಷ್ಟೇ ಇರುತ್ತಿತ್ತು. ನನಗೆ ಅರ್ಥವಾಗುತ್ತಿತ್ತು. ನಾನು ಬಾಗಿಲು ಹಾಕಿ, ಮರದ ಮಾದರಿ ತೆಗೆದು, ತೋರಿಸಿ, ಪೊಟ್ಟಣ ಕೊಟ್ಟು ಕಳಿಸುತ್ತಿದ್ದೆ. ಚೀಟಿಯ ಹಿಂದೆ "ಮಾಡಿದೆ" ಎಂದು ಬರೆದು ವಾಪಸು ಮಾಡುತ್ತಿದ್ದೆ. ಆ ಚೀಟಿ ವಾಪಸು ಬರದಿದ್ದರೆ ಸಿಸ್ಟರ್ ಫೋನ್ ಮಾಡಿ ಕೇಳುವರು. ಅವರು ತಮ್ಮ ನಂಬಿಕೆಯಿಂದ ಒಂದು ಹೆಜ್ಜೆ ಅತ್ತಿತ್ತ ಆಗಲಿಲ್ಲ, ರೋಗಿಯನ್ನೂ ಅದರ ಬೆಲೆ ತೆರಲು ಬಿಡಲಿಲ್ಲ.

ಇನ್ನೊಂದು ಕಡೆ, ಜಾಗದ ಹೆಸರು ಬೇಡ, ಅಲ್ಲಿಯವರು ಬೇಡ ಅನ್ನಲೇ ಇಲ್ಲ. ಪೆಟ್ಟಿಗೆ ತೆಗೆದುಕೊಂಡರು, ಸಹಿ ಹಾಕಿದರು, ಕಪಾಟಿನಲ್ಲಿಟ್ಟರು. ತಿಂಗಳ ವರದಿಯಲ್ಲಿ ಹಂಚಿದ್ದು ಇಷ್ಟು ಎಂದು ತುಂಬಿದರು. ಸರ್ಕಾರದ ಕಡೆಯವರಿಗೂ ಅಂಕಿ ಸಿಕ್ಕರೆ ಸಾಕಿತ್ತು, ಕಪಾಟು ತೆಗೆದು ನೋಡಿದವರಿಲ್ಲ. ಅಲ್ಲಿಗೆ ಒಬ್ಬ ಡ್ರೈವರನ ಹೆಂಡತಿ ಹೋಗುತ್ತಿದ್ದಳು. ಗಂಡನಿಗೆ ಸೋಂಕು, ಅವಳಿಗೆ ಇಲ್ಲ. ಪ್ರಾರ್ಥನೆ ಮಾಡು, ಗಂಡನನ್ನು ಚೆನ್ನಾಗಿ ನೋಡಿಕೋ ಎಂದು ಪ್ರೀತಿಯಿಂದಲೇ ಹೇಳಿ ಕಳಿಸಿದರು. ಪ್ರೀತಿ ಸುಳ್ಳಲ್ಲ, ಅದನ್ನು ನಾನು ಅನುಮಾನಿಸುವುದಿಲ್ಲ. ಎರಡು ವರ್ಷದ ಮೇಲೆ ಅವಳು ಬಸುರಿಯಾಗಿ ನನ್ನ ಕೋಣೆಗೆ ಬಂದಾಗ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ. "ಯಾರೂ ನನಗೆ ಏನೂ ಹೇಳಲಿಲ್ಲವಲ್ಲ ಬಾಯಿ" ಅಂದಳು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಎದ್ದು ಹೊರಗೆ ಹೋಗಿ ಅತ್ತದ್ದು ಅದೊಂದೇ ಸಲ.

ಆ ಬಸುರಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಏನೂ ಔಷಧಿ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ಔಷಧಿ ಸರಿಯಾಗಿ ಕೊಟ್ಟರೆ 5ಕ್ಕಿಂತ ಕಡಿಮೆ. ಅವಳಿಗೆ ಹೆರಿಗೆ ನೋವು ಬಂದಾಗ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಅವಳ ಕೇಸ್ ಪೇಪರಿನ ಮೇಲೆ ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದು, ಕೈಗವಸು ಇಲ್ಲ, ಡಾಕ್ಟರ್ ರಜೆ ಎಂದು ವಾಪಸು ಕಳಿಸಿದರು. ನನ್ನದೇ ಇಲಾಖೆಯ ಜನ. ರಾತ್ರಿ ಹನ್ನೊಂದಕ್ಕೆ ಹೆರಿಗೆ ಮಾಡಿಸಿದ್ದು ಸಿಸ್ಟರುಗಳ ಒಂದು ಆಸ್ಪತ್ರೆ. ಮಗುವಿಗೆ ನೆವಿರಪಿನ್ ಹನಿ ಹಾಕಿದ್ದು ಸರ್ಕಾರ ಕೊಟ್ಟ ಬಾಟಲಿಯಿಂದ. ಹದಿನೆಂಟು ತಿಂಗಳ ಪರೀಕ್ಷೆಯಲ್ಲಿ ಮಗುವಿಗೆ ಏನೂ ಇರಲಿಲ್ಲ. ಈಗ ಕಾಲೇಜಿಗೆ ಹೋಗುವ ವಯಸ್ಸು ಅದಕ್ಕೆ. ಯಾರು ಸರಿ ಎಂದು ನನ್ನನ್ನು ಕೇಳಿದರೆ ಈ ಒಂದು ಕುಟುಂಬದೊಳಗೇ ನನಗೆ ಉತ್ತರ ಗೋಜಲಾಗುತ್ತದೆ. ಆದರೆ ಮೊದಲ ಸಿಸ್ಟರ್ ಬರೆದ ಚೀಟಿ ಎರಡನೇ ಕಡೆಯೂ ಇದ್ದಿದ್ದರೆ ಅವಳಿಗೆ ಸೋಂಕೇ ದಾಟುತ್ತಿರಲಿಲ್ಲ, ಅದರಲ್ಲಿ ನನಗೆ ಗೋಜಲಿಲ್ಲ. ಕೊಡುವುದಿಲ್ಲ ಅನ್ನಿ, ಅಡ್ಡಿಲ್ಲ. ಎಲ್ಲಿ ಕೊಡುತ್ತಾರೆ ಎಂದು ಹೇಳದೆ ಇರುವುದಕ್ಕೆ ಮಾತ್ರ ಅಡ್ಡಿ ಇದೆ.

ಇದು ಇಲ್ಲಿಯ ಜಗಳ ಮಾತ್ರ ಆಗಿರಲಿಲ್ಲ. ದಕ್ಷಿಣ ಆಫ್ರಿಕಾದ ಬಿಷಪ್ಪರು 2001ರಲ್ಲಿ ಕಾಂಡೋಮ್ ಪ್ರಚಾರವನ್ನು ಕಟುವಾಗಿ ಖಂಡಿಸಿದರು. ಅದೇ ಹೇಳಿಕೆಯಲ್ಲಿ, ಒಬ್ಬರಿಗೆ ಸೋಂಕಿರುವ ದಂಪತಿ ತಮ್ಮ ಆತ್ಮಸಾಕ್ಷಿಯಂತೆ ನಡೆಯಬಹುದು ಎಂಬುದಕ್ಕೂ ಜಾಗ ಬಿಟ್ಟರು. ಗಣಿ ಕಾರ್ಮಿಕರ ಗುಡಿಸಲುಗಳ ನಡುವೆ ಕೆಲಸ ಮಾಡುತ್ತಿದ್ದ ರಸ್ಟನ್‌ಬರ್ಗಿನ ಬಿಷಪ್ ಕೆವಿನ್ ಡೌಲಿಂಗ್ ಇನ್ನೂ ಮುಂದೆ ಹೋಗಿ, ಜೀವ ಉಳಿಸಲು ಕಾಂಡೋಮ್ ಬೇಕು ಎಂದು ಬಹಿರಂಗವಾಗಿಯೇ ವಾದಿಸಿದರು. 2009ರ ಮಾರ್ಚಿನಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟ್ ಕ್ಯಾಮರೂನಿಗೆ ಹೋಗುವ ವಿಮಾನದಲ್ಲಿ, ಕಾಂಡೋಮ್ ಹಂಚುವುದರಿಂದ ಸಮಸ್ಯೆ ಹೆಚ್ಚುತ್ತದೆ ಎಂಬ ಅರ್ಥದ ಮಾತಾಡಿದರು. ಮರುವರ್ಷ ಒಂದು ಸಂದರ್ಶನದಲ್ಲಿ, ಕೆಲವು ಸಂದರ್ಭಗಳಲ್ಲಿ ಅದು ಹೊಣೆಗಾರಿಕೆಯತ್ತ ಮೊದಲ ಹೆಜ್ಜೆ ಆಗಬಹುದು ಎಂದರು. ವಿಮಾನದ ಮಾತು ಪೇಪರಿನಲ್ಲಿ ಬಂದ ವಾರ ನನ್ನ ಕೋಣೆಗೆ ಬಂದ ಒಬ್ಬ ಸಿಸ್ಟರ್ ಆಸರಿಗೆ ಕೊಟ್ಟ ನೀರನ್ನೂ ಮುಟ್ಟದೆ ಕೂತಿದ್ದರು. "ಚೀಟಿ ಬರೆಯುವುದನ್ನು ನಿಲ್ಲಿಸಬೇಕಾ?" ಎಂದು ಕೇಳಿದೆ. "ಚೀಟಿಯಲ್ಲಿ ನಾನು ಬರೆಯುವುದು ಸಮಾಲೋಚನೆ ಬೇಕು ಅಂತ. ಅದು ಸತ್ಯ. ಸತ್ಯ ಬರೆಯುವುದನ್ನು ಯಾಕೆ ನಿಲ್ಲಿಸಲಿ" ಅಂದರು.

ಸಂಕೋಚ ಇಗರ್ಜಿಗೆ ಮಾತ್ರ ಇತ್ತು ಎಂದು ಯಾರೂ ತಿಳಿಯಬೇಡಿ. ಶಾಲೆಯಲ್ಲಿ ಲೈಂಗಿಕತೆ, ಎಚ್‌ಐವಿ ಬಗ್ಗೆ ತಿಳಿಸುವ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮ ಬೇಡ ಎಂದು 2007ರಲ್ಲಿ ಕೆಲವು ರಾಜ್ಯಗಳು ತಡೆದವು. ಕರ್ನಾಟಕವೂ ಅವುಗಳಲ್ಲಿ ಒಂದು. ಆ ಪುಸ್ತಕ ಮಾಡಿಸಿದ್ದೂ ಸರ್ಕಾರ, ಮುಚ್ಚಿಸಿದ್ದೂ ಸರ್ಕಾರ. ಶಿರಸಿಯ ಒಂದು ಮಾರಿಕಾಂಬಾ ಜಾತ್ರೆಯಲ್ಲಿ ನಮ್ಮ ಇಲಾಖೆಯ ಮಳಿಗೆಯಲ್ಲಿ ಕೂತಿದ್ದೆ. ನಿರೋಧ್ ತಟ್ಟೆಯನ್ನು ಮೇಜಿನ ಕೆಳಗೆ ಇಡಿ, ದೇವಿಯ ಜಾತ್ರೆ ಇದು ಎಂದು ಹಿರಿಯ ಅಧಿಕಾರಿಯೊಬ್ಬರು ಹೇಳಿದರು. ಜಾತ್ರೆಗೆ ಬಂದ ಲಾರಿ ಹುಡುಗರು ಮೇಜಿನ ಕೆಳಗೆ ಕೈಹಾಕಿ ತೆಗೆದುಕೊಂಡು ಹೋದರು. ಮೂರನೇ ದಿನಕ್ಕೆ ತಟ್ಟೆ ಖಾಲಿ.

ಮದುವೆಯ ಪರೀಕ್ಷೆ ಇನ್ನೊಂದು ತೊಡಕು. 2006ರಲ್ಲಿ ಗೋವಾ ಸರ್ಕಾರ ಮದುವೆಗೆ ಮುಂಚೆ ಎಚ್‌ಐವಿ ಪರೀಕ್ಷೆ ಕಡ್ಡಾಯ ಮಾಡುವ ಮಾತೆತ್ತಿತು. ಇಲ್ಲಿಯೂ ಕೆಲವು ಪಾದ್ರಿಗಳು ಮದುವೆಯಾಗುವವರನ್ನು, ಒಳ್ಳೆಯ ಮನಸ್ಸಿನಿಂದಲೇ, ನಮ್ಮಲ್ಲಿಗೆ ಕಳಿಸುತ್ತಿದ್ದರು. ಮೂರು ಭಾನುವಾರ ಇಗರ್ಜಿಯಲ್ಲಿ ಹೆಸರು ಓದಿ ಹೇಳುವ ಪದ್ಧತಿ ಇದೆಯಲ್ಲ. ಎರಡು ಭಾನುವಾರ ಓದಿ ಆದ ಮೇಲೆ ಒಬ್ಬ ಹುಡುಗ ಪರೀಕ್ಷೆಗೆ ಬಂದ. ಫಲಿತಾಂಶ ಬಂತು. ಮೂರನೇ ಭಾನುವಾರ ಹೆಸರು ಓದದಿದ್ದರೆ ಇಡೀ ಊರಿಗೆ ಗೊತ್ತಾಗುತ್ತದೆ. ಓದಿದರೆ ಆ ಹುಡುಗಿಯ ಗತಿ ಏನು? ಆ ಪಾದ್ರಿಗೆ ನಾನು ಏನೂ ಹೇಳುವಂತಿರಲಿಲ್ಲ, ಹೇಳಲಿಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಅವರು ನನಗೆ ಹೇಗೆ ಹೇಳುವಂತಿಲ್ಲವೋ ಹಾಗೆ. ಆ ಹುಡುಗನ ಜೊತೆ ನಾಲ್ಕು ಸಂಜೆ ಮಾತಾಡಿದೆ. ಅವನೇ ಹೋಗಿ ಹುಡುಗಿಗೆ ಹೇಳಿದ. ಅಲ್ಲಿಂದ ಮುಂದಿನದು ಅವರಿಬ್ಬರಿಗೆ ಸೇರಿದ್ದು. ಒತ್ತಾಯದ ಪರೀಕ್ಷೆ ಆಗಿದ್ದರೆ ಅವನು ಗೋವಾಕ್ಕೆ ಹೋಗಿ ಯಾವುದೋ ಲ್ಯಾಬಿನಿಂದ ಬೇರೆಯದೇ ಕಾಗದ ತರುತ್ತಿದ್ದ. ಈಗ 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಇಲ್ಲ, ಸೋಂಕಿದೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. 20 ಅಥವಾ ಹೆಚ್ಚು ಜನ ಇರುವ ಯಾವುದೇ ಆರೋಗ್ಯ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿ ಇರಬೇಕು, ಅದು ಸರ್ಕಾರದ್ದಿರಲಿ, ಕಾನ್ವೆಂಟಿನದಿರಲಿ. ವಿದ್ಯಾರ್ಥಿಗಳೇ, ನಾಳೆ ನೀವು ಕೆಲಸಕ್ಕೆ ಸೇರಿದ ಕಡೆ ಆ ಅಧಿಕಾರಿ ಯಾರು ಎಂದು ಮೊದಲ ವಾರವೇ ಕೇಳಿ.

ನಿರೋಧ್ ಜಗಳವನ್ನು ಅರ್ಧ ಕರಗಿಸಿದ್ದು ಧರ್ಮವೂ ಅಲ್ಲ, ಸರ್ಕಾರವೂ ಅಲ್ಲ, ಆ ಮಾತ್ರೆಯೇ. 2011ರಲ್ಲಿ ಒಂದು ದೊಡ್ಡ ಅಧ್ಯಯನದ ಫಲ ಬಂತು. ಒಬ್ಬರಿಗೆ ಸೋಂಕಿರುವ 1763 ಜೋಡಿಗಳು, ನಮ್ಮ ಪುಣೆ, ಚೆನ್ನೈಯವರೂ ಅದರಲ್ಲಿದ್ದರು. ಬೇಗ ಮಾತ್ರೆ ಶುರು ಮಾಡಿದರೆ ಸಂಗಾತಿಗೆ ದಾಟುವುದು ನೂರಕ್ಕೆ 96ರಷ್ಟು ತಗ್ಗುತ್ತದೆ ಎಂದಾಯಿತು. ಆಮೇಲಿನ ಅಧ್ಯಯನಗಳು ರಕ್ತದಲ್ಲಿ ವೈರಸ್ ಕಾಣದಷ್ಟು ಇಳಿದವರಿಂದ ಲೈಂಗಿಕವಾಗಿ ದಾಟುವುದೇ ಇಲ್ಲ ಎಂದು ತೋರಿಸಿದವು. ಆಗ ನಮ್ಮಲ್ಲಿ ಸಿಡಿ4 ಎಣಿಕೆ, ಅಂದರೆ ರೋಗ ತಡೆಯುವ ರಕ್ತಕಣಗಳ ಲೆಕ್ಕ, ಇಳಿಯುವ ತನಕ ಮಾತ್ರೆಗೆ ಕಾಯಬೇಕಿತ್ತು. ಪತ್ತೆಯಾದ ಕೂಡಲೇ ಎಲ್ಲರಿಗೂ ಮಾತ್ರೆ ಎಂಬ ನಿಯಮ ಬಂದದ್ದು 2017ರಲ್ಲಿ. ಇವತ್ತು ಒಬ್ಬ ಸಿಸ್ಟರ್ ತನ್ನ ರೋಗಿಗೆ ದಿನಾ ಮಾತ್ರೆ ನುಂಗಿಸಿದರೆ ಅದೇ ಅವನ ಹೆಂಡತಿಗೆ ದೊಡ್ಡ ರಕ್ಷಣೆ. ಇಷ್ಟು ಬೇಗ ಸರ್ಕಾರ, ಇಗರ್ಜಿ ಇಬ್ಬರೂ ಒಂದೇ ಕಡೆ ಬಂದು ನಿಲ್ಲುತ್ತಾರೆ ಎಂದು ನಾನು ಎಣಿಸಿರಲಿಲ್ಲ.

ಆದರೆ ಆ ಹೊತ್ತಿಗೆ ಹಾಸಿಗೆ ಹೋಗಿತ್ತು. 2013ರ ಸುಮಾರಿಗೆ ಆರೈಕೆ ಕೇಂದ್ರಗಳನ್ನು ನಿಲ್ಲಿಸಿ, ಹಾಸಿಗೆ ಇಲ್ಲದ ಬೆಂಬಲ ಕೇಂದ್ರಗಳನ್ನು ವಿಹಾನ್ ಎಂಬ ಹೆಸರಿನಲ್ಲಿ ತಂದರು. ಲೆಕ್ಕ ತಪ್ಪಿರಲಿಲ್ಲ. ಮಾತ್ರೆ ಬಂದ ಮೇಲೆ ಮಲಗುವವರು ಕಡಿಮೆಯಾದರು, ಮಾತ್ರೆ ಬಿಟ್ಟವರನ್ನು ಹುಡುಕಿ ತರುವುದು ಮುಖ್ಯವಾಯಿತು. ನನ್ನ ತಕರಾರು ಇರುವುದು ಕಡಿಮೆಯಾದರು ಎಂಬುದನ್ನು ಇಲ್ಲವಾದರು ಎಂದು ಓದಿದ್ದಕ್ಕೆ. ಒಂದು ಕೇಂದ್ರ ಮುಚ್ಚಿದ ದಿನ ನಾನು ಹೋಗಿದ್ದೆ. ಹತ್ತು ಕಬ್ಬಿಣದ ಮಂಚ, ಸರ್ಕಾರದ ನಂಬರು ಹೊಡೆದದ್ದು. ಮಂಚಗಳನ್ನು ಎಣಿಸಿ ಲಾರಿಗೆ ಹಾಕಿದರು. ಒಬ್ಬ ಮುದುಕ ಇನ್ನೂ ಅಲ್ಲೇ ಇದ್ದ, ಅವನನ್ನು ಮನೆಗೆ ಸೇರಿಸುವವರಿರಲಿಲ್ಲ. ಸಿಸ್ಟರುಗಳು ಅವನಿಗೆ ಊಟದ ಕೋಣೆಯಲ್ಲಿ ಚಾಪೆ ಹಾಕಿದರು. ಆ ಚಾಪೆಗೆ ನಂಬರು ಇರಲಿಲ್ಲ.

ಸರ್ಕಾರದ ಯೋಜನೆ ಹೋದ ಮೇಲೆ ಅಂಥ ಮನೆಗಳು ನಿಂತದ್ದು ಹೊರಗಿನ ದಾನದಿಂದ. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ತಿದ್ದುಪಡಿ ಬಂತು. ದೇಣಿಗೆ ಪಡೆದ ದೊಡ್ಡ ಸಂಸ್ಥೆ ಅದನ್ನು ಸಣ್ಣ ಸಂಸ್ಥೆಗೆ ದಾಟಿಸುವಂತಿಲ್ಲ. ದುಡ್ಡಿನ ಮೇಲೆ ಕಣ್ಣಿಡುವ ಹಕ್ಕು ಸರ್ಕಾರಕ್ಕೆ ಇದೆ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಮೂವರು ಸಿಸ್ಟರ್, ಒಬ್ಬ ಅಡುಗೆಯವಳು ಇರುವ ಘಟ್ಟದ ಮೇಲಿನ ಮನೆಗೆ ಸ್ವಂತ ಪರವಾನಗಿ, ದೆಹಲಿಯ ಬ್ಯಾಂಕಿನಲ್ಲಿ ಖಾತೆ, ಆಡಿಟರ್ ಎಂದರೆ ಅದು ಮುಚ್ಚು ಎಂದು ಹೇಳಿದ ಹಾಗೆ. 2021ರಲ್ಲಿ ಶುರುವಾದ ಸರ್ಕಾರದ ಏಡ್ಸ್ ನಿಯಂತ್ರಣದ ಐದನೇ ಹಂತದ ಕಾರ್ಯಕ್ರಮ ಪೂರ್ತಿ ಕೇಂದ್ರದ ದುಡ್ಡಿನದು, ಹದಿನೈದು ಸಾವಿರ ಕೋಟಿಗೂ ಮೇಲೆ. 2025ರಲ್ಲಿ ಅಮೆರಿಕ ತನ್ನ ನೆರವು ತಡೆಹಿಡಿದಾಗ ಆಫ್ರಿಕಾದ ಎಷ್ಟೋ ಕ್ಲಿನಿಕ್ಕುಗಳು ತತ್ತರಿಸಿದವು, ಅವುಗಳಲ್ಲಿ ಇಗರ್ಜಿಯವೂ ಇದ್ದವು. ನಮ್ಮ ಮಾತ್ರೆ ಅದರಿಂದ ನಿಲ್ಲಲಿಲ್ಲ. ಇದರ ಬಗ್ಗೆ ನನಗೆ ಹೆಮ್ಮೆ ಇದೆ. ಅಷ್ಟು ದುಡ್ಡಿನಲ್ಲಿ ಜಿಲ್ಲೆಗೆ ನಾಲ್ಕು ಹಾಸಿಗೆ ಹಾಕಲು ಆಗುತ್ತದೆ ಎಂದೇ ಈ ಮಾತು ಎತ್ತಿದ್ದು.

2020ರ ಲಾಕ್‌ಡೌನ್ ನೆನಪಿದೆಯಲ್ಲ. ನಾನು ಆಗ ಕೆಲಸ ಬಿಟ್ಟಾಗಿತ್ತು, ಫೋನು ಮಾತ್ರ ಬಿಟ್ಟಿರಲಿಲ್ಲ. ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ ಎಂಬ ಸೂಚನೆ ಬಂತು, ಆದರೆ ಬಸ್ಸೇ ಇಲ್ಲ. ಹಳಿಯಾಳ ಕಡೆಯ ಒಂದು ಹಾಡಿಯಲ್ಲಿ ಇಬ್ಬರಿಗೆ ಮಾತ್ರೆ ಮುಗಿಯಲು ಎರಡು ದಿನ ಇತ್ತು. ಎಆರ್‌ಟಿ ಕೇಂದ್ರದ ಫಾರ್ಮಸಿಸ್ಟ್ ಹೆಸರಿಲ್ಲದ ಎರಡು ಪೊಟ್ಟಣ ಕಟ್ಟಿದರು, ಒಂದಕ್ಕೆ ನೀಲಿ ದಾರ, ಒಂದಕ್ಕೆ ಬಿಳಿ. ಅಕ್ಕಿ ಹಂಚಲು ಪಾಸ್ ಪಡೆದಿದ್ದ ಒಬ್ಬ ಫಾದರ್ ಬೈಕಿನಲ್ಲಿ ಒಯ್ದರು. ಒಳಗೆ ಏನಿದೆ ಎಂದು ಅವರು ಕೇಳಲಿಲ್ಲ. ನೀಲಿ ದಾರ ಯಾರಿಗೆ ಎಂದಷ್ಟೇ ಕೇಳಿದರು.

ಕೊನೆಯದಾಗಿ ಆರೋಗ್ಯ ಇಲಾಖೆಯವರು ಇಲ್ಲಿ ಕೂತಿದ್ದೀರಿ ಎಂದು ಒಂದು ವಿಷಯ ಕೇಳುತ್ತೇನೆ. 2004ರಿಂದ ಮಾತ್ರೆ ತಿಂದವರಿಗೆ ಈಗ ವಯಸ್ಸಾಗಿದೆ. ಸಕ್ಕರೆ ಕಾಯಿಲೆ, ಕಿಡ್ನಿ, ಮರೆವು. ಮಕ್ಕಳಿಲ್ಲದವರು, ಮನೆಯವರು ಇಪ್ಪತ್ತು ವರ್ಷದ ಹಿಂದೆಯೇ ಹೊರಗೆ ಹಾಕಿದವರು. ಆಸ್ಪತ್ರೆ ಡಿಸ್ಚಾರ್ಜ್ ಮಾಡಿದ ದಿನ ಅವರನ್ನು ಎಲ್ಲಿ ಮಲಗಿಸುವುದು ಎಂದು ನನಗೆ ಇವತ್ತಿಗೂ ಫೋನ್ ಬರುತ್ತದೆ. ನನ್ನ ಹಳೆಯ ಡೈರಿಯಲ್ಲಿ ಅದಕ್ಕೆ ಮೂರು ನಂಬರು ಬರೆದಿಟ್ಟಿದ್ದೆ. ಒಂದು ಈಗ ಚಾಲ್ತಿಯಲ್ಲಿಲ್ಲ. ಇನ್ನೊಂದು ಕಡೆ ಜಾಗ ಇಲ್ಲ ಅನ್ನುತ್ತಾರೆ. ಮೂರನೆಯದು ಚೀಟಿ ಬರೆಯುತ್ತಿದ್ದ ಆ ಸಿಸ್ಟರದು. ಅವರಿಗೆ ಈಗ 78 ವರ್ಷ, ಮೊಣಕಾಲು ಮಡಚುವುದಿಲ್ಲ, ಆದರೂ ಕಳಿಸಿ ಅನ್ನುತ್ತಾರೆ. ಅವರ ನಂಬರಿನ ಕೆಳಗೆ ಒಂದು ಗೆರೆ ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೆಯಲು ಇಲಾಖೆಯ ಒಂದು ನಂಬರು ಇವತ್ತು ಸಭೆ ಮುಗಿಯುವುದರೊಳಗೆ ಕೊಡಿ.